ತಪ್ಪನ್ನೂ ಎಣಿಸಿ ಎಂದ ಹವಾಲ್ದಾರರು

ಹವಾಲ್ದಾರರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಂದೋ ಬಂದೂಕಿಗೆ ಸಿಕ್ಕಿ ಹೋಗಿತ್ತಂತೆ. ಆ ಬೋಳು ಬೆರಳಿನಿಂದ ಅಂಕಪಟ್ಟಿಯನ್ನು ಕುಟ್ಟುತ್ತ ಅವರು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಬಸಿಗೆ ಸುರಿದ ಚಹಾ ಆರಿ ಕೆನೆಗಟ್ಟುತ್ತಿತ್ತು.

ನಿಜಾಮರ ಆಳ್ವಿಕೆ ಮುಗಿದು ಎರಡು ಮೂರು ವರ್ಷವಾಗಿತ್ತು. ಯಾದಗಿರಿಯ ಸೈನ್ಯ ಭರ್ತಿ ಶಿಬಿರದಲ್ಲಿ ನಾನು ಗುಮಾಸ್ತ. ಅವರು ಹಳೆಯ ನಿಜಾಮ ಫೌಜಿನವರು, ಹೊಸಬರಿಗೆ ಕವಾಯತು ಕಲಿಸುತ್ತಿದ್ದರು. ಭರ್ತಿಗೆ ಬಂದವರಿಗೊಂದು ಬುದ್ಧಿಪರೀಕ್ಷೆ: ನಲವತ್ತು ಚಿತ್ರಪ್ರಶ್ನೆ, ಒಂದೊಂದಕ್ಕೂ ಎರಡು ಉತ್ತರ, ಸರಿ ಎನಿಸಿದ್ದಕ್ಕೆ ಗುರುತು. ಸರಿಯಾದವನ್ನಷ್ಟೇ ಎಣಿಸಬೇಕು, ಇಪ್ಪತ್ತಾದರೆ ಪಾಸು.

ಒಮ್ಮೆ ತಿಂಥಣಿಯಲ್ಲಿ ಹರಿಗೋಲು ನಡೆಸುವ ತರುಣನೊಬ್ಬ ಬಂದ. ನಿಧಾನಿ. ಹದಿನೆಂಟು ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಹದಿನೆಂಟೂ ಸರಿ. ನಾನು ‘ನಾಪಾಸು’ ಎಂದು ಬರೆದೆ. ಪಕ್ಕದವನು ಕಣ್ಣು ಮುಚ್ಚಿ ನಲವತ್ತಕ್ಕೂ ಗುರುತು ಹಾಕಿದ್ದ. ಇಪ್ಪತ್ತೆರಡು ಸರಿ, ಪಾಸು.

“ಮುನ್ಶೀಜಿ, ಈ ಪಾಸಾದವನವು ಹದಿನೆಂಟು ತಪ್ಪು ಅವಲ್ರಿ. ಅವು ಎಲ್ಲಿ ಹೋದವು?” ಎಂದರು ಹವಾಲ್ದಾರರು.

“ತಪ್ಪು ಎಣಸೋ ರೂಲ್ ಇಲ್ರಿ.”

“ಬಂದೂಕ ಹಿಡದವ ಅಂದಾಜಿಗಿ ಹೊಡದ್ರ, ತಪ್ಪಿದ ಗುಂಡು ಯಾರಿಗರ ಬಡೀತದ. ಸರಿ ಇದ್ದದ್ರಾಗ ತಪ್ಪು ಕಳೀರಿ. ಆಮ್ಯಾಲ ಗೊತ್ತಾಗ್ತದ, ಟ್ರೇನಿಂಗ್‌ನ್ಯಾಗ ಯಾರು ನಿಲ್ತಾರಂತ.”

ಪಾಸಾದವನು ಮೂರನೆಯ ವಾರ ಶಿಬಿರ ಬಿಟ್ಟು ಓಡಿದ.

ಹವಾಲ್ದಾರರು ನಾಲ್ಕು ತಂಡಗಳ ಹೆಸರು ಹಿಡಿದು, ಯಾರದೆಷ್ಟು ಸರಿ, ಎಷ್ಟು ತಪ್ಪು, ಯಾರು ತರಬೇತಿ ಮುಗಿಸಿದರು ಎಂದೆಲ್ಲ ಒಂದು ವಹಿಯಲ್ಲಿ ಬರೆದರು. ಓಡಿಹೋದವರಲ್ಲಿ ಬಹುಪಾಲು ಅಂದಾಜಿಗೆ ಗುರುತು ಹಾಕಿದವರೇ. ಶಿಬಿರದ ಅಧಿಕಾರಿ ಸಾಹೇಬರು ವಹಿ ಬಿಚ್ಚಲೂ ಇಲ್ಲ.

“ಇದು ಮ್ಯಾಲಿಂದ ಬಂದ ಪದ್ಧತಿ. ನೀವು ಕವಾಯತು ನೋಡ್ಕೋರಿ.”

ಹವಾಲ್ದಾರರು ಹೇಳಿದಂತೆ ನಾನು ಮೇಲಿನ ಕಚೇರಿಗೆ ಮೂರು ಅರ್ಜಿ ಬರೆದುಕೊಟ್ಟೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದು ‘ಸೂಕ್ತ ಮಾರ್ಗದಲ್ಲಿ ಬಂದಿಲ್ಲ’ ಎಂಬ ಒಕ್ಕಣೆ ಹೊತ್ತು ಮರಳಿತು.

ಅವರು ನಿವೃತ್ತರಾಗಿ ತಮ್ಮೂರು ಗೋಗಿ ಸೇರಿದ ಮೇಲೆ ಸುತ್ತೋಲೆ ಬಂತು: ತಪ್ಪಿಗೆ ಅಂಕ ಕಳೆಯತಕ್ಕದ್ದು. ಹಿಗ್ಗುವರೆಂದು ನಾನು ಗೋಗಿಗೆ ಓಡಿದೆ. ಹಾಸಿಗೆ ಹಿಡಿದಿದ್ದರು.

“ಹಳೀ ಕಾಗದ ತಿರುಗಿ ಎಣಸ್ತಾರೇನ್ರಿ?”

“ಇಲ್ರಿ.”

“ಮತ್ತ ಆ ತಿಂಥಣಿ ಹುಡುಗಗ ಏನು ಬಂತು?”

ಅವರು ಗೋಡೆಯ ಕಡೆ ಮಗ್ಗುಲಾದರು. ಆ ಬೇಸಿಗೆಯಲ್ಲೇ ತೀರಿಕೊಂಡರು.

ಅವರು ಸರ್ಕಾರವನ್ನು ಬೈದರು, ಸಾಹೇಬರನ್ನು ಬೈದರು. ‘ನಾಪಾಸು’ ಎಂದು ಬರೆದ ಕೈ ನನ್ನದಾದರೂ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈಯಬೇಕಿತ್ತು. ಆಗಲಾದರೂ ಒಬ್ಬನ ಕಾಗದವನ್ನು ನಾನು ಬೇರೆ ರೀತಿ ಎಣಿಸುತ್ತಿದ್ದೆನೇನೋ.