ಅರಮನೆಯಲ್ಲಿ ಮೀರೋನನ ಕುರ್ಚಿ

ಮೀರೋನನ ಕೊರಳಲ್ಲಿ ಶಿಲುಬೆಯೂ ಇತ್ತು, ಸೀಟಿಯೂ ಇತ್ತು. ಯಾವುದರ ಮೇಲೆ ಭಕ್ತಿ ಜಾಸ್ತಿ ಅಂತ ಅವನ ಹೆಂಡತಿ ಗರುಫಲ್ಯಳನ್ನು ಕೇಳಿದರೆ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಗ್ರೀಸಿನ ಕ್ರೀಟ್ ದ್ವೀಪದ ಕಲಾಮೋರಿ ನಮ್ಮೂರು. ಊರ ಗುಡ್ಡದ ಮೇಲಿನ ಸಾವಿರಾರು ವರ್ಷ ಹಳೇ ಅರಮನೆಗೆ ಅವನು ಕಾವಲುಗಾರ. ನಾನು ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಟಿಕೆಟ್ ಹರಿದು ಕೊಡುವವಳು. ಅರಮನೆ ಅಂದರೆ ಮೊಣಕಾಲೆತ್ತರದ ಗೋಡೆಗಳು, ಒಂದು ದೊಡ್ಡ ಅಂಗಳ, ಅದರ ಅಂಚಿಗೊಂದು ಕಲ್ಲುಜಗುಲಿ, ಆಳೆತ್ತರದ ಎಣ್ಣೆ ಹಂಡೆಗಳು, ಅಷ್ಟೇ. ಅಲ್ಲಿ ಆಳಿದವರು ಯಾರೋ, ಹೆಸರೇನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೂ ಅವರ ಗೋಡೆಯ ಮೇಲೆ ಯಾರಾದರೂ ಕುಂಡೆ ಊರಿದರೆ ಸಾಕು, ಮೀರೋನನ ಸೀಟಿ ಕಿವಿ ಗಡಚಿಕ್ಕುವಂತೆ ಕೂಗುತ್ತಿತ್ತು. ಜರ್ಮನಿಯವರು, ಜಪಾನಿನವರು, ತುಂಬು ಬಸುರಿಯರು, ಒಂದು ಸಲ ಬಿಷಪ್ಪರು, ಎಲ್ಲರೂ ಗಡಬಡಿಸಿ ಎದ್ದವರೇ.

ಈ ಹಾಳು ಅಭ್ಯಾಸ ಮನೆಗೂ ಬಂತು. ಅವನಪ್ಪ ತೀರಿಕೊಂಡ ವರ್ಷ ಮೀರೋನನ ಅಣ್ಣ ಸ್ತ್ರಾತಿಸ್ ಬಂದವನು ಬಾಗಿಲ ಪಕ್ಕದ ಕಲ್ಲುಜಗುಲಿಯ ಮೇಲೆ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತ. ಕಾಫಿ ಹಿಡಿದು ಹೊರಬಂದ ಮೀರೋನನಿಗೆ ಕಲ್ಲಿನ ಮೇಲೆ ಕೂತ ಒಂದು ಬೆನ್ನು ಕಂಡಿತು. ಊದಿಬಿಟ್ಟ.

"ನಮ್ಮಪ್ಪನ ಮನೇಲಿ ನಾನು ಟೂರಿಸ್ಟೇನೋ?" ಅಂದ ಸ್ತ್ರಾತಿಸ್. "ಇನ್ನು ನಿನ್ನ ಹೊಸ್ತಿಲು ತುಳಿದ್ರೆ ನನ್ನ ಮೀಸೆ ಉದುರಿಹೋಗ್ಲಿ!"

ಕಾಫಿಯನ್ನೂ ಕುಡಿಯದೆ ಹೊರಟುಹೋದ. ಮೀಸೆಯ ಮೇಲೆ ಇಟ್ಟ ಆಣೆ ನಮ್ಮಲ್ಲಿ ದೇವರ ಮೇಲಿನ ಆಣೆಗಿಂತ ಗಟ್ಟಿ. ಅಣ್ಣತಮ್ಮ ಒಂದೇ ಬೀದಿಯಲ್ಲಿದ್ದುಕೊಂಡು ವರ್ಷಗಟ್ಟಲೆ ಮಾತು ಬಿಟ್ಟರು.

ಆಗಸ್ಟಿನ ಉರಿಬಿಸಿಲಲ್ಲಿ ಸಂತ ಮೀರೋನನ ದಿನ ಬರುತ್ತದೆ. ಆ ಹೆಸರಿಟ್ಟುಕೊಂಡವರ ಮನೆಗೆಲ್ಲ ಅವತ್ತು ಹಬ್ಬ. ಯಾರನ್ನೂ ಕರೆಯುವಂತಿಲ್ಲ, ಬಂದ ಯಾರನ್ನೂ ಬೇಡ ಅನ್ನುವಂತಿಲ್ಲ. ಬಾಗಿಲು ಮುಚ್ಚಿತ್ತೆಂದರೆ ಮನೆಯಲ್ಲಿ ಸಾವಾಗಿದೆ ಅಂತ ಲೆಕ್ಕ. ಪ್ರತಿ ವರ್ಷ ಮೀರೋನ ಅವತ್ತು ರಜೆ ಹಾಕಿ ಬಾಗಿಲಲ್ಲಿ ಒಂದು ಕುರ್ಚಿ ಇಡುತ್ತಿದ್ದ. ಊರೆಲ್ಲ ಬಂದು ನಮ್ಮ ದ್ರಾಕ್ಷಿ ಸಾರಾಯಿ ರಾಕಿ ಕುಡಿದು ಹೋಗುತ್ತಿತ್ತು. ಆ ಕುರ್ಚಿಯಲ್ಲಿ ಯಾರೂ ಕೂರುವಂತಿರಲಿಲ್ಲ. ಅದು ಅಣ್ಣನದು. ಸಂಜೆ ಅದನ್ನು ಒಳಗೆತ್ತಿಡುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ ಅಂತ ಗರುಫಲ್ಯ ನನ್ನ ಹತ್ತಿರ ಅಳುತ್ತಿದ್ದಳು.

ಒಂದು ವರ್ಷ ಇನ್ನೊಬ್ಬ ಕಾವಲುಗಾರ ಅಂಜೂರದ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಮೀರೋನನ ರಜೆ ಹೋಯಿತು. ಹಾರೈಕೆ ಪಡೆಯಬೇಕಾದವನೇ ಮನೆಯಲ್ಲಿಲ್ಲದ ಮೇಲೆ ಊರಿನವರು ಬಾಗಿಲಿಗೆ ಹಾರೈಸುತ್ತಾರೆಯೇ? ತಟ್ಟೆ, ಬಾಟಲಿ, ಕಲ್ಲಂಗಡಿ ಹೊತ್ತುಕೊಂಡು ಎಲ್ಲರೂ ಗುಡ್ಡ ಹತ್ತಿದರು.

"ಟಿಕೆಟ್ ತಗೊಳ್ರಪ್ಪಾ!" ಎಂದೆ.

"ನಾವೇನು ಅರಮನೆ ನೋಡೋಕೆ ಬಂದಿದ್ದೀವಾ? ಮೀರೋನನ್ನ ನೋಡೋಕೆ ಬಂದಿದ್ದೀವಿ. ಅವನ ಮುಖಕ್ಕೂ ಟಿಕೆಟ್ ಇಟ್ಟಿದ್ದೀಯಾ?" ಎಂದ ಚರ್ಚಿನ ಗಂಟೆ ಬಾರಿಸುವವನು.

ಕೊನೆಗೆ ಗರುಫಲ್ಯ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಂದಳು. "ಜರುಗು ಕಲ್ಲಿಯೋಪಿ. ಇಲ್ಲಾ, ಕುರ್ಚಿಗೂ ಟಿಕೆಟ್ ಹರೀತೀಯಾ?"

ನಾನು ಗೂಡಿನ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಾ ಕೂತೆ. ಜನ ಗೋಡೆಯ ಮೇಲೆ ಕೂರುವುದು, ಮೀರೋನ ಊದುವುದು, ಎಲ್ಲರೂ ಎದ್ದು "ನೂರ್ಕಾಲ ಬಾಳೋ ಮೀರೋನಾ!" ಎಂದು ಬಟ್ಟಲು ಎತ್ತುವುದು, ಮತ್ತೆ ಕೂರುವುದು. ಅವನು ಒಂದು ಕೈಯಲ್ಲಿ ಸೀಟಿ ಹಿಡಿದು ಇನ್ನೊಂದು ಕೈಯಲ್ಲಿ ರಾಕಿ ಸುರಿಯುತ್ತಿದ್ದ. ಫ್ರಾನ್ಸಿನ ಪ್ರವಾಸಿಗರು ಇದನ್ನು ಅರಮನೆಯ ಕಾಲದ ಯಾವುದೋ ಪೂಜೆ ಎಂದುಕೊಂಡು, ಸೀಟಿ ಕೇಳಿದಾಗಲೆಲ್ಲ ತಾವೂ ಭಕ್ತಿಯಿಂದ ಕೂತು ಎದ್ದರು. ನಾಳೆ ಎಷ್ಟು ಗಂಟೆಗೆ ಶುರು ಅಂತ ಒಬ್ಬಳು ನನ್ನನ್ನು ಕೇಳಿದಳು.

ಅಷ್ಟರಲ್ಲಿ ಪಟ್ಟಣದಿಂದ ತಪಾಸಣೆಗೆ ನಮ್ಮ ಮೇಲಧಿಕಾರಿ ಥಿಯೋನಿ ಮೇಡಂ ಬಂದರು. ಹೇಳಿ ಕೇಳಿ ಬರುವ ಜಾತಿಯವರಲ್ಲ.

"ಏನ್ರೀ ಇದು?"

"ನನ್ನ ಹೆಸರಿನ ದಿನ, ಮೇಡಂ."

ಅವರೂ ಕ್ರೀಟಿನವರೇ. ಬಾಯಿಗೆ ಬಂದ ಬೈಗುಳ ನುಂಗಿ "ನೂರ್ಕಾಲ ಬಾಳಿ" ಎನ್ನಲೇಬೇಕಾಯಿತು. ಬಟ್ಟಲು ಬಂತು, ಕುಡಿದರು. ಬಯ್ಯಲು ಬಾಯಿ ತೆರೆದರೆ ಗಿಣ್ಣಿನ ಕಡುಬು ಬಂತು, ತಿಂದರು. ಮತ್ತೆ ತೆರೆದರೆ ಕಲ್ಲಂಗಡಿ. ಬಿಸಿಲಿಗೂ ರಾಕಿಗೂ ಸೋತು, ಅಂಗಳದ ನಡುವೆ ಖಾಲಿ ಇದ್ದ ಕುರ್ಚಿಯಲ್ಲಿ ಕೂತರು.

ಸೀಟಿ ಕೂಗಿತು. ಅವರು ಎಗರಿ ಎದ್ದರು.

"ಕುರ್ಚಿ ಕಣ್ರೀ ಇದು! ಕಲ್ಲಲ್ಲ!"

"ನಮ್ಮಣ್ಣಂದು, ಮೇಡಂ."

"ಎಲ್ರೀ ನಿಮ್ಮಣ್ಣ?"

"ಬರಲ್ಲ, ಮೇಡಂ."

"ಬರದೇ ಇರೋನಿಗೆ ಕುರ್ಚಿ, ನಾನು ಬಿಸಿಲಲ್ಲಿ ನಿಂತಿರ್ಬೇಕಾ? ನಾಳೆಯಿಂದ ನೀವು ಮನೇಲೇ ಊದ್ಕೊಂಡಿರಿ!"

ಆಗಲೇ ನನ್ನ ಕಿಟಕಿಯ ಮೇಲೆ ಯಾರೋ ಕುಟ್ಟಿದರು. ನೋಡಿದರೆ ಸ್ತ್ರಾತಿಸ್. ಕಪ್ಪು ಅಂಗಿಗೆ ಇಸ್ತ್ರಿ, ಬೂಟಿಗೆ ಹೊಳಪು, ಮೀಸೆಗೆ ಎಣ್ಣೆ.

"ಒಂದು ಟಿಕೆಟ್."

"ಊರಿಗೆ ಊರೇ ಪುಕ್ಕಟೆ ಒಳಗಿದೆ, ಹೋಗಣ್ಣ."

"ಕೊಡು ಅಂದ್ನಲ್ಲ."

ಹರಿದು ಕೊಟ್ಟೆ. ಟಿಕೆಟ್ ಹಿಡಿದು ನೇರ ಅಂಗಳಕ್ಕೆ ಹೋದ. ಕುರ್ಚಿಯತ್ತ ತಿರುಗಿಯೂ ನೋಡಲಿಲ್ಲ. ಎದುರಿನ ಕಲ್ಲುಜಗುಲಿಯ ಮೇಲೆ, ಯಾರೂ ಮುಟ್ಟಬಾರದ ಆ ಜಾಗದಲ್ಲಿ, ನಮಗೆಲ್ಲ ಬೆನ್ನು ಹಾಕಿ ಕೂತ. ಊರಿಗೆ ಊರೇ ಮೀರೋನನ ಸೀಟಿಯತ್ತ ತಿರುಗಿತು.

"ಈಗ ಊದ್ರಿ!" ಎಂದರು ಮೇಡಂ. "ಇದು ಕಲ್ಲೇ."

"ಆಗಲ್ಲ, ಮೇಡಂ."

"ಕೆಲಸ ಬೇಕೋ ಬೇಡ್ವೋ?"

ಮೀರೋನ ಸೀಟಿಯ ದಾರವನ್ನು ಕೊರಳಿಂದ ಬಿಚ್ಚಿ ಅವರ ಅಂಗೈಯಲ್ಲಿಟ್ಟ. ಇಷ್ಟು ವರ್ಷದಲ್ಲಿ ಆ ಕೊರಳಲ್ಲಿ ಶಿಲುಬೆ ಒಂಟಿಯಾಗಿದ್ದುದನ್ನು ನಾನು ಕಂಡಿರಲಿಲ್ಲ.

ಸ್ತ್ರಾತಿಸ್ ತಿರುಗಲಿಲ್ಲ. ಟಿಕೆಟನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದ. "ಊದೋ ಕತ್ತೆ. ಇದು ನಿನ್ನ ಮನೆಯಲ್ಲ, ನನ್ನ ಆಣೆಗೇನೂ ಆಗಲ್ಲ. ದುಡ್ಡು ಕೊಟ್ಟು ಬಂದಿದ್ದೀನಿ. ಇಲ್ಲಿ ನಾನು ಟೂರಿಸ್ಟೇ. ಟೂರಿಸ್ಟಿಗೆ ಊದಿದ್ರೆ ಅವಮಾನ ಏನು ಬಂತು?"

ಮೇಡಂ ಏನೂ ಅರ್ಥವಾಗದೆ ಸೀಟಿ ವಾಪಸ್ ಕೊಟ್ಟರು. ಮೀರೋನ ಬಾಯಿಗಿಟ್ಟುಕೊಂಡ. ಅಳು ಒತ್ತರಿಸಿ ಬಂದು ಬರೀ ಗಾಳಿ ಹೊರಟಿತು.

"ಇದೇನೋ ಊದೋದು? ಅವತ್ತು ಎಷ್ಟು ಚೆನ್ನಾಗಿ ಊದಿದ್ದೆ!"

ಎರಡನೇ ಸಲ ಊದಿದ್ದು ಕಣಿವೆಯ ಆಚೆಯ ಮೇಕೆಗಳಿಗೂ ಕೇಳಿಸಿತು. ಸ್ತ್ರಾತಿಸ್ ತಪ್ಪು ಮಾಡಿದ ಟೂರಿಸ್ಟಿನ ಹಾಗೆ ತಟ್ಟನೆ ಎದ್ದು, ಅಂಗಿ ಕೊಡವಿಕೊಂಡು ಬಂದು, ಆ ಕುರ್ಚಿಯಲ್ಲಿ ಕೂತು, ಬಟ್ಟಲಿಗೆ ಕೈ ಚಾಚಿದ. ಫ್ರಾನ್ಸಿನವರು ಚಪ್ಪಾಳೆ ತಟ್ಟಿದರು. ನಾನು ಗೂಡಿನ ಕಿಟಕಿ ಮುಚ್ಚಿಕೊಂಡು ಅತ್ತುಬಿಟ್ಟೆ.

ಮೀರೋನನ ಕೆಲಸ ಉಳಿಯಿತು. ಆಮೇಲೆ ಅವನು ಹೆಸರಿನ ದಿನ ರಜೆ ಹಾಕಿದ್ದಿಲ್ಲ. ಈಗ ನಿವೃತ್ತನಾಗಿದ್ದಾನೆ, ಹೊಸ ಕಾವಲುಗಾರ್ತಿ ಬಂದಿದ್ದಾಳೆ. ಅಣ್ಣನ ಮೀಸೆ ಇನ್ನೂ ಉದುರಿಲ್ಲ. ತಮ್ಮನ ಹೊಸ್ತಿಲನ್ನು ಅವನು ಇನ್ನೂ ತುಳಿದಿಲ್ಲ. ಪ್ರತಿ ಆಗಸ್ಟಿನಲ್ಲಿ ಸಂತನ ದಿನ ಇಬ್ಬರೂ ನನ್ನ ಕಿಟಕಿಗೆ ಬಂದು ಎರಡು ಟಿಕೆಟ್ ತಗೊಳ್ಳುತ್ತಾರೆ, ಹೋಗಿ ಆ ಕಲ್ಲುಜಗುಲಿಯ ಮೇಲೆ ಒಟ್ಟಿಗೆ ಕೂರುತ್ತಾರೆ, ಆ ಹುಡುಗಿ ಊದುವುದನ್ನೇ ಕಾಯುತ್ತಾರೆ.