ಟೀಚರ್ ಮಾತಾಡದ ಗಣಿತದ ತರಗತಿ

ಬಿಬವೇವಾಡಿಯ ಮರಾಠಿ ಶಾಲೆಯೊಂದಕ್ಕೆ ಕೊರಳಿಗೆ ಸಿಕ್ಕಿಸುವ ಮೈಕು ತೋರಿಸಲು ಹೋಗಿದ್ದೆ. ಗಂಟಲಿನ ಆಪರೇಷನ್ ಆದಮೇಲೆ ಅಲ್ಲಿನ ಗಣಿತದ ಟೀಚರಿಗೆ ದನಿಯೇ ಏಳುತ್ತಿರಲಿಲ್ಲ.

“ಮೈಕಿನ್ಯಾಗೂ ಕೇಳಿಸ್ಲಿಲ್ಲಂದ್ರ ಅವರನ್ನ ಆಫೀಸ್ ಕೆಲಸಕ್ಕ ಹಾಕಬೇಕಾಗ್ತದ್ರಿ,” ಎಂದು ವಿಜಯಪುರದ ಕಡೆಯವರಾದ ಮುಖ್ಯಾಧ್ಯಾಪಕರು ಮೊದಲೇ ಹೇಳಿದ್ದರು.

ಮೈಕು ಹಾಕಿಕೊಟ್ಟೆ. ಸ್ಪೀಕರಿನಲ್ಲಿ ಬರೀ ಗೊರಗೊರ ಸದ್ದು. ಮಕ್ಕಳು ತಲೆ ತಗ್ಗಿಸಿದರು, ನಾನೂ ತಗ್ಗಿಸಿದೆ. ಟೀಚರ್ ಮೈಕು ಬಿಚ್ಚಿ ನನ್ನ ಕೈಗಿಟ್ಟರು. ಬೋರ್ಡಿನ ಮೇಲೆ, ಅರ್ಧಕ್ಕೆ ಕಾಲು ಕೂಡಿಸಿದರೆ ಮೂರನೇ ಒಂದು ಭಾಗ ಎಂದು ತಪ್ಪಾಗಿ ಬರೆದು ಮಕ್ಕಳತ್ತ ತಿರುಗಿದರು.

ಒಬ್ಬ ಹುಡುಗಿ ಮರಾಠಿಯಲ್ಲಿ ಕೇಳಿದಳು: “ಕೂಡಿಸಿದ ಮೇಲೆ ಕಡಿಮೆ ಹೇಗಾಯ್ತು ಟೀಚರ್?”

ಟೀಚರ್ ಅವಳತ್ತ ಸೀಮೆಸುಣ್ಣ ಚಾಚಿದರು. ಅವಳು ಚಪಾತಿಯ ಚಿತ್ರ ಬರೆದು ಭಾಗ ಮಾಡಿದಳು. ಹಿಂದಿನ ಬೆಂಚಿನವನು ಬಂದು ಅದನ್ನು ತಿದ್ದಿದ. ನೋಡುನೋಡುತ್ತಲೇ ಇಡೀ ತರಗತಿ ಬೋರ್ಡಿನ ಮುಂದೆ ನೆರೆದು, ವಾದಿಸಿ ವಾದಿಸಿ ಮುಕ್ಕಾಲಿಗೆ ತಲುಪಿತು. ಟೀಚರ್ ಒಂದು ಮಾತೂ ಆಡಿರಲಿಲ್ಲ.

ಬಾಗಿಲಲ್ಲೇ ನಿಂತು ನೋಡುತ್ತಿದ್ದ ಮುಖ್ಯಾಧ್ಯಾಪಕರು ಮೆಲ್ಲಗೆ ನನ್ನತ್ತ ಬಾಗಿದರು. “ಇವರು ಇಲ್ಲೇ ಇರ್ಲಿ. ಮೈಕ್ ಬ್ಯಾಡ್ರಿ. ಉಳಿದ ಮಾಸ್ತರರ ದನಿ ಸ್ವಲ್ಪ ಕಮ್ಮಿ ಮಾಡೋ ಮಷೀನ್ ಇದ್ರ ತಗೊಂಡ್ ಬರ್ರಿ.”