ಹಾಸಿಗೆಯನ್ನೇ ಉದ್ದ ಮಾಡಿದ ತುಂಡಮ್ಮ

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಗೆ ಸಿಗುವುದು ಅವರ ಮನೆ. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಬೆಡ್‌ಶೀಟು, ದಿಂಬಿನ ಚೀಲ ಹೊಲಿಯುವ ಕೆಲಸ ಅವರದು. ಕಟ್ಟಡದವರೆಲ್ಲ ಅವರನ್ನು ಕರೆಯುತ್ತಿದ್ದುದು ತುಂಡಮ್ಮ ಎಂದು. ಸೋಪಿನ ತುಂಡು, ದಾರದ ತುಂಡು, ಬಟ್ಟೆಯ ತುಂಡು, ಹೀಗೆ ಯಾವ ತುಂಡೂ ಅವರ ಮನೆಯಿಂದ ಸುಮ್ಮನೆ ಕಸದ ಡಬ್ಬಿಗೆ ಹೋದದ್ದಿಲ್ಲ. ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಅವರ ಯಜಮಾನರೇ. ಬೇಕರಿಯ ವ್ಯಾನ್ ಓಡಿಸುತ್ತಿದ್ದ ಆ ಮನುಷ್ಯ ಮಾತಿನ ಮಲ್ಲ. "ಈ ಮನೇಲಿ ಇಡಿಯಾಗಿ ಉಳಿದಿರೋದು ನಾನೊಬ್ಬನೇ ನೋಡಿ" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಬೆನ್ನ ಹಿಂದೆ ಜನ ಇನ್ನೂ ಒಂದು ಮಾತು ಸೇರಿಸುತ್ತಿದ್ದರು. "ಎಂಜಲು ಕೈಲಿ ಕಾಗೆ ಓಡಿಸೋಳಲ್ಲ ಆಯಮ್ಮ." ಅದು ಮಾತ್ರ ಸುಳ್ಳು. ಅವರ ಮನೆಗೆ ಹೋದವರಿಗೆ ಟೀ ಬರುತ್ತಿದ್ದುದು ದೊಡ್ಡ ಲೋಟದ ತುಂಬ, ಹಾಲು ಜಾಸ್ತಿ ಹಾಕಿ. ಜಿಪುಣರ ಟೀ ಕುಡಿದವರಿಗೆ ಈ ವ್ಯತ್ಯಾಸ ಗೊತ್ತು.

ಅವರಿಗೆ ಈ ಬುದ್ಧಿ ಬಂದದ್ದು ಬಡತನದಿಂದಲ್ಲ, ಕೆಲಸದಿಂದ. ಇಪ್ಪತ್ತೆರಡನೇ ವಯಸ್ಸಿಗೆ ಬಟ್ಟೆ ಕೋಣೆಗೆ ಸೇರಿದ ಮೊದಲ ವಾರ, ಅಲ್ಲಿನ ಹಿರಿಯ ದರ್ಜಿ ಒಂದು ಬೆಡ್‌ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರಂತೆ.

"ಏನ್ ಕಾಣ್ಸುತ್ತೆ?"

"ಹರಿದ ಬೆಡ್‌ಶೀಟು."

"ಸರಿಯಾಗಿ ನೋಡು. ಹರಿದಿರೋದು ನಡು. ಅಂಚು ಹೊಸದರ ಹಾಗೇ ಇದೆ. ಯಾರೂ ಅಂಚಲ್ಲಿ ಮಲಗಲ್ಲ ಅಲ್ವಾ?"

ಆಮೇಲೆ ಆತ ಅದನ್ನು ನಡುವೆ ಉದ್ದಕ್ಕೆ ಸೀಳಿ, ಎರಡು ಗಟ್ಟಿ ಅಂಚುಗಳನ್ನು ಮಧ್ಯಕ್ಕೆ ತಂದು ಹೊಲಿದು, ಸವೆದ ಭಾಗವನ್ನು ಪಕ್ಕಕ್ಕೆ ಮಡಿಚಿ ಹೊಲಿಗೆ ಹಾಕಿ ತೋರಿಸಿದರು. ಶೀಟು ಇನ್ನೆರಡು ವರ್ಷ ಬಾಳಿತು. ಅಂದಿನಿಂದ ತುಂಡಮ್ಮ ಮನೆಯ ಸಾಮಾನನ್ನೆಲ್ಲ ಅದೇ ಕಣ್ಣಿನಿಂದ ನೋಡತೊಡಗಿದರು. ಯಾವುದು ಎಲ್ಲಿ ಸವೆಯುತ್ತದೆ, ಎಲ್ಲಿ ಸೋರುತ್ತದೆ? ಅಷ್ಟು ಗೊತ್ತಾದರೆ ಅಲ್ಲಿಗೆ ಮಾತ್ರ ಕೈ ಹಾಕಿದರೆ ಸಾಕು, ಉಳಿದದ್ದನ್ನು ಹಿಂಡಬೇಕಾಗಿಲ್ಲ ಎನ್ನುವುದು ಅವರ ಲೆಕ್ಕ.

ಮಗನ ಮದುವೆಯಾಗಿ ಸೊಸೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಚುರುಕು ಹುಡುಗಿ. ಬಂದ ಮೂರನೇ ದಿನ ಬಚ್ಚಲು ತಿಕ್ಕುವಾಗ, ಡಬ್ಬಿಯಲ್ಲಿ ಕೂಡಿಟ್ಟಿದ್ದ ಸೋಪಿನ ಚೂರುಗಳನ್ನು ಕಸ ಎಂದುಕೊಂಡು ಎಸೆದುಬಿಟ್ಟಳು. ಸಂಜೆ ವಿಷಯ ತಿಳಿದು ಅವಳ ಮುಖ ಬಿಳಿಚಿತು.

"ಅತ್ತೆ, ನಂಗೆ ಗೊತ್ತಾಗ್ಲಿಲ್ಲ."

"ಹೋಗ್ಲಿ ಬಿಡಮ್ಮ, ಸೋಪು ತಾನೇ. ಅದನ್ನ ಬಿಸಿನೀರಲ್ಲಿ ಕರಗಿಸಿ ಇಟ್ರೆ ನೆಲ ಒರೆಸೋಕೆ ಆಗುತ್ತೆ. ಮುಂದಿನ ಸಲ ತೋರಿಸ್ತೀನಿ."

ಬೈಗುಳ ಬೀಳಲಿಲ್ಲ. ಆದರೂ ಹುಡುಗಿಗೆ ಒಳಗೊಳಗೇ ನಾಚಿಕೆ. ಗೆಳತಿಯರನ್ನು ಮನೆಗೆ ಕರೆಯಲು ಹಿಂಜರಿಯುತ್ತಿದ್ದಳು. ಬಾಲ್ಕನಿಯಲ್ಲಿ ಕಪ್ಪು ಬಣ್ಣ ಬಳಿದ ತಗಡಿನ ಡಬ್ಬ, ಅಡುಗೆಮನೆಯ ಮೂಲೆಯಲ್ಲಿ ಚಿಂದಿ ತುಂಬಿದ ಮರದ ಪೆಟ್ಟಿಗೆ. ಇದೆಲ್ಲ ಏನು ಎಂದು ಅವರು ಕೇಳಿದರೆ ಏನು ಹೇಳುವುದು? ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು. "ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ನಿಜ ಅತ್ತೆ. ಆದ್ರೆ ನಾವು ಕಾಲು ಮಡಿಚಿಕೊಂಡೇ ಮಲಗಿದೀವಲ್ಲ!"

ತುಂಡಮ್ಮ ಜೋರಾಗಿ ನಕ್ಕರು. "ಕಾಲು ಯಾಕೆ ಮಡಿಚ್ತೀಯ? ನಾನು ಹಾಸಿಗೆ ಹೊಲಿಯೋಳು ಕಣೇ. ಹಾಸಿಗೇನೇ ಉದ್ದ ಮಾಡ್ತಿದೀನಿ, ಇರು."

ಆ ಬೇಸಿಗೆಯಲ್ಲೇ ವಿದ್ಯುತ್ ಕಚೇರಿಯವರು ಬಂದದ್ದು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಕಟ್ಟಡದವರೆಲ್ಲ ಮನೆಯಲ್ಲಿದ್ದ ಹೊತ್ತು. ಕನ್ನಡಕ ಹಾಕಿದ ಒಬ್ಬ ಅಧಿಕಾರಿ, ಚೀಲ ಹೊತ್ತ ಒಬ್ಬ ಲೈನ್‌ಮ್ಯಾನ್. ಈ ಮನೆಯ ಬಿಲ್ಲು ಅಕ್ಕಪಕ್ಕದ ಮನೆಗಳ ಬಿಲ್ಲಿನ ಮೂರರಲ್ಲೊಂದು ಪಾಲೂ ಇಲ್ಲ, ಕರೆಂಟ್ ಕದಿಯುತ್ತಿರುವ ಅನುಮಾನವಿದೆ, ತಪಾಸಣೆ ಮಾಡಬೇಕು ಎಂದರು. ಮೆಟ್ಟಿಲ ತುಂಬ ತಲೆಗಳು. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತುಂಡಮ್ಮ ಬಾಗಿಲನ್ನು ಪೂರ್ತಿ ತೆರೆದರು. "ಬನ್ನಿ ಸಾರ್. ಎಲ್ಲ ನೋಡಿ, ನಿಧಾನವಾಗಿ ನೋಡಿ. ಬಾಗಿಲು ಹಾಕೋದು ಬೇಡ, ಅವರೂ ನೋಡ್ಲಿ."

ಲೈನ್‌ಮ್ಯಾನ್ ಮೀಟರಿನ ಸೀಲು ನೋಡಿದ, ಸರಿಯಾಗಿತ್ತು. ತಂತಿ ಬಂದ ದಾರಿಯನ್ನು ಗೋಡೆಗುಂಟ ಬೆರಳಿಟ್ಟು ನೋಡುತ್ತ ಹೋದ. ಎಲ್ಲ ಸ್ವಿಚ್ಚು ಆರಿಸಿದಾಗ ಮೀಟರು ನಿಂತಿತು, ಕರೆಂಟ್ ಒಲೆ ಹಚ್ಚಿದಾಗ ಓಡಿತು. ಎಷ್ಟು ಓಡಬೇಕೋ ಅಷ್ಟೇ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಕಳ್ಳತನ ಇಲ್ಲ ಸರಿ. ಆದ್ರೆ ನಾಲ್ಕು ಜನರ ಮನೇಲಿ ಇಷ್ಟು ಕಡಿಮೆ ಹೇಗಾಗುತ್ತಮ್ಮ?"

"ಒಂದು ಗಂಟೆ ಕೂತ್ಕೋತೀರಾ? ಬಾಯಲ್ಲಿ ಹೇಳಿದ್ರೆ ನಂಬಲ್ಲ ನೀವು."

ರಾತ್ರಿ ನೆನೆಸಿಟ್ಟ ಕಾಳನ್ನು ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರು. ಕೊತಕೊತ ಕುದಿಯತೊಡಗಿ ಹತ್ತು ನಿಮಿಷವಾದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಆ ಮರದ ಪೆಟ್ಟಿಗೆಯೊಳಗೆ ಚಿಂದಿಯ ನಡುವೆ ಹೂತು, ಮೇಲೊಂದು ಹಳೆಯ ಕಂಬಳಿ ಒತ್ತಿ ಮುಚ್ಚಿದರು. "ಬೇಯಿಸೋದು ಬೆಂಕಿಯಲ್ಲ ಸಾರ್, ಬಿಸಿ. ಬಿಸಿ ಓಡಿಹೋಗದ ಹಾಗೆ ನೋಡ್ಕೊಂಡ್ರೆ ಆಯ್ತು."

ಅದು ಬೇಯುವಷ್ಟರಲ್ಲಿ ಮಿಕ್ಕದ್ದನ್ನು ತೋರಿಸಿದರು. ಬಾಲ್ಕನಿಯ ಕಪ್ಪು ಡಬ್ಬದ ನೀರಿಗೆ ಅಧಿಕಾರಿ ಬೆರಳಿಟ್ಟು ಚಟ್ಟನೆ ತೆಗೆದರು. ಬಿಸಿಲಿಗೇ ಅಷ್ಟು ಕಾದಿತ್ತು. ಇಸ್ತ್ರಿ ವಾರಕ್ಕೊಮ್ಮೆ, ಎಲ್ಲರ ಬಟ್ಟೆಯೂ ಒಟ್ಟಿಗೆ. ಕೊನೆಯಲ್ಲಿ ಸ್ವಿಚ್ಚು ಆರಿಸಿ ಉಳಿದ ಕಾವಿನಲ್ಲಿ ಕರವಸ್ತ್ರಗಳು. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ, "ಎಳೀರಿ" ಎಂದರು. ಕಾಗದ ಬರಲಿಲ್ಲ. "ಸುಲಭಕ್ಕೆ ಜಾರಿ ಬಂದ್ರೆ ರಬ್ಬರ್ ಹೋಗಿದೆ ಅಂತ. ಹೋದ ವರ್ಷ ಜಾರ್ತಿತ್ತು, ರಬ್ಬರ್ ಹಾಕಿಸ್ದೆ. ಜನ ಫ್ರಿಜ್ಜೇ ಬದಲಾಯಿಸ್ತಾರೆ."

ಪೆಟ್ಟಿಗೆ ತೆರೆದಾಗ ಮೇಲೆದ್ದ ಹಬೆ ಅಧಿಕಾರಿಯ ಕನ್ನಡಕಕ್ಕೆ ಕವಿಯಿತು. ಒಂದು ಕಾಳು ತೆಗೆದು ಹಿಸುಕಿ ನೋಡಿದರು. ಬೆಣ್ಣೆ.

ಬಾಗಿಲಲ್ಲಿ ನಿಂತವರ ಪೈಕಿ ಎರಡನೇ ಮಹಡಿಯ ಅಜ್ಜಿಯೊಬ್ಬರು ಕೇಳಿಯೇಬಿಟ್ಟರು. "ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ತುಂಡಮ್ಮ?"

ಲೈನ್‌ಮ್ಯಾನ್ ಆಗಲೇ ಗೇಣು ಹಾಕಿ ಅಳೆಯುತ್ತಿದ್ದ.

ಅಂದು ರಾತ್ರಿ ಊಟಕ್ಕೆ ಕೂತಾಗ ಸೊಸೆ ಕೇಳಿದಳು. "ಅತ್ತೆ, ಹಾಗಾದ್ರೆ ಉಳಿದ ದುಡ್ಡೆಲ್ಲ ಏನಾಗುತ್ತೆ?"

"ಕೂತಿದೆ. ಬೇಕಾದಾಗ ಎದ್ದು ಬರುತ್ತೆ" ಎಂದರು ತುಂಡಮ್ಮ.

ಬೇಕಾದದ್ದು ಮರುವರ್ಷ. ಆಸ್ಪತ್ರೆ ಬಟ್ಟೆ ಕೋಣೆಯನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿತು. ಅವನ ಮ್ಯಾನೇಜರು ಹೊಲಿಯುವ ಐದು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ. ಸಂಬಳ ಅರ್ಧ, ಹೊತ್ತು ಎರಡು ಗಂಟೆ ಜಾಸ್ತಿ, ಸಂಜೆಯೊಳಗೆ ಸಹಿ. ನಾಲ್ವರು ಕಣ್ಣೀರು ನುಂಗಿಕೊಂಡು ಸಹಿ ಹಾಕಿದರು. ಮುಂದಿನ ತಿಂಗಳ ಬಾಡಿಗೆ ಅವರ ತಲೆಯ ಮೇಲೆ ಕೂತಿತ್ತು. ತುಂಡಮ್ಮ ಕಾಗದವನ್ನು ಎರಡು ಸಲ ಓದಿ, ಮಡಿಚಿ, ಅವನ ಮೇಜಿನ ಮೇಲಿಟ್ಟರು.

"ಆಗಲ್ಲ ಸಾರ್."

"ಈ ವಯಸ್ಸಲ್ಲಿ ಬೇರೆ ಎಲ್ಲಿ ಕೆಲಸ ಸಿಗುತ್ತೆ ನಿಮಗೆ? ಮನೇಲಿ ಕೂತು ಏನ್ ತಿಂತೀರಿ?"

"ಎರಡು ವರ್ಷ ಕೂತು ತಿನ್ನಬಲ್ಲೆ. ನೀವು ಎರಡು ವರ್ಷ ಹೊಲಿಗೆಯೋರಿಲ್ದೆ ನಡೆಸ್ತೀರಾ?"

ಕತ್ತರಿ, ಅಳತೆ ಪಟ್ಟಿ, ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ತಮ್ಮ ಬೆರಳುಟೋಪಿ ಚೀಲಕ್ಕೆ ಹಾಕಿಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡರಂತೆ. ಅದನ್ನು ಅವರೇ ಆಮೇಲೆ ನನಗೆ ಹೇಳಿದ್ದು. "ಇಪ್ಪತ್ತೊಂಬತ್ತು ವರ್ಷ ಹತ್ತಿಳಿದ ಮೆಟ್ಟಿಲು. ಹೆದರಿಕೆ ಅಲ್ಲ, ಅಭ್ಯಾಸ" ಎಂದರು. ನಾನು ನಂಬಿದೆ.

ಮನೆಯಲ್ಲಿ ಯಜಮಾನರು ಸುದ್ದಿ ಕೇಳಿ ವ್ಯಾನಿನ ಕೀಲಿಯನ್ನು ಮೊಳೆಗೆ ತೂಗುಹಾಕಿದರು. "ನೀನು ಕೆಲಸ ಬಿಟ್ಟೆ ಅಂದ್ರೆ ಇನ್ನು ದಿನವಿಡೀ ಮನೇಲೇ ಇರ್ತೀಯ. ನನ್ನನ್ನೂ ತುಂಡು ಮಾಡಿಬಿಡ್ತೀಯೇನೋ" ಎಂದು ನಕ್ಕರು. ಸೊಸೆ ನಗಲಿಲ್ಲ. ಅತ್ತೆಯ ಎದುರಿಗೆ ಕೂತು, "ಒಳ್ಳೇದಾಯ್ತು ಬಿಡಿ. ಈಗೇನು ಮಾಡೋಣ?" ಎಂದಳು. ಆ 'ಮಾಡೋಣ' ಎಂಬ ಮಾತು ತುಂಡಮ್ಮನಿಗೆ ಹಿಡಿಸಿತು.

ಇಬ್ಬರೂ ಮರುದಿನವೇ ಹೊಲಿಗೆ ಮಿಷನ್ ಅಂಗಡಿಗೆ ಹೋದರು. ಅಂಗಡಿಯವನು ಮೊದಲು ಅಗ್ಗದ್ದನ್ನೇ ತೋರಿಸಿದ. ತುಂಡಮ್ಮ ಅದರ ಚಕ್ರ ಒಮ್ಮೆ ತಿರುಗಿಸಿ ಕಿವಿಗೊಟ್ಟು ಕೇಳಿ, ತಲೆ ಅಲ್ಲಾಡಿಸಿದರು. ಕೊನೆಗೆ ಆರಿಸಿದ್ದು ಅಂಗಡಿಯಲ್ಲೇ ಅತಿ ಹೆಚ್ಚು ಬೆಲೆಯದ್ದು, ದಪ್ಪ ಬಟ್ಟೆಗೂ ಸೂಜಿ ಬಗ್ಗದಂಥದ್ದು. ಚೌಕಾಸಿಯನ್ನೂ ಮಾಡಲಿಲ್ಲ. ಸೊಸೆ ಬೆರಗಾಗಿ ನೋಡಿದಳು.

"ಏನ್ ಹಾಗೆ ನೋಡ್ತೀಯ? ಇಲ್ಲಿ ಉಳಿಸಿದ್ರೆ ರಿಪೇರಿಗೆ ಕೊಡಬೇಕು."

ಕೆಲಸ ಹುಡುಕಿ ತಂದವಳು ಸೊಸೆ. ಔಷಧಿ ಅಂಗಡಿಗೆ ಬರುತ್ತಿದ್ದ ಎರಡು ವಸತಿಗೃಹದವರ ಹತ್ತಿರ, ಒಂದು ಹಾಸ್ಟೆಲಿನ ಮೇಲ್ವಿಚಾರಕಿಯ ಹತ್ತಿರ ಮಾತಾಡಿದಳು. ಸವೆದ ಶೀಟುಗಳ ಗಂಟುಗಳು ಮೂರನೇ ಮಹಡಿ ಹತ್ತತೊಡಗಿದವು. ಆರು ತಿಂಗಳಾಗುವಷ್ಟರಲ್ಲಿ ಆಸ್ಪತ್ರೆಯ ನಾಲ್ವರಲ್ಲಿ ಇಬ್ಬರು ಅಲ್ಲಿ ಬಿಟ್ಟು ಇಲ್ಲಿಗೆ ಬಂದರು. ಅವರ ಹಳೆಯ ಸಂಬಳಕ್ಕೆ ಒಂದು ಪೈಸೆಯೂ ಕಡಿಮೆಯಾಗದಂತೆ ತುಂಡಮ್ಮ ದರ ಗೊತ್ತು ಮಾಡಿದ್ದರು. ಇನ್ನಿಬ್ಬರು ಬರಲಿಲ್ಲ. ಅದು ತುಂಡಮ್ಮನಿಗೆ ಕೊನೆಯವರೆಗೂ ನೋವಾಗಿಯೇ ಉಳಿಯಿತು.

ಎಂಟನೇ ತಿಂಗಳಲ್ಲಿ ಆ ಮ್ಯಾನೇಜರು ತಾನೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ಹೊಲಿಯುವವರು ಸಾಲದೆ ಹೊಸ ಶೀಟು ಕೊಂಡು ಕೊಂಡು ಅವನ ಗುತ್ತಿಗೆ ಮುಳುಗುತ್ತಿತ್ತು. ಹಳೆಯ ಸಂಬಳ ಕೊಡುತ್ತೇನೆ, ವಾಪಸ್ಸು ಬನ್ನಿ ಎಂದ.

"ಕೂತ್ಕೊಳ್ಳಿ ಸಾರ್, ಮೊದ್ಲು ಟೀ ಕುಡೀರಿ" ಎಂದರು ತುಂಡಮ್ಮ. "ನಾನಂತೂ ಬರಲ್ಲ. ನಿಮ್ಮ ಶೀಟುಗಳು ಬೇಕಾದ್ರೆ ಬರಲಿ. ಒಂದಕ್ಕೆ ಎಷ್ಟು ಅಂತ ಹೇಳ್ತೀನಿ, ಬರ್ಕೊಳ್ಳಿ."

ಸೊಸೆ ಒಳಗಿನಿಂದ ದೊಡ್ಡ ಲೋಟದ ತುಂಬ ಟೀ ತಂದಿಟ್ಟಳು. ಅವನು ಅರ್ಧ ಕುಡಿದು, ಜೇಬಿನಿಂದ ಪೆನ್ನು ತೆಗೆದ.